ಹೆತ್ತವರನ್ನು ನೋಡಲು ಯಾರ ಅಪ್ಪಣೆ?

ನಮ್ಮ ದೇಶದಲ್ಲಿ ಸೆರೆಮನೆಯಲ್ಲಿರುವವನಿಗೆ ತನ್ನ ಮನೆಮಂದಿಯನ್ನು ಕಾಣುವ ಹಕ್ಕುಂಟು. ವೃದ್ಧಾಶ್ರಮದಲ್ಲಿರುವ ತಾಯಿಗೆ ಅಂಥ ಹಕ್ಕನ್ನು ಹಿರಿಯ ನಾಗರಿಕರಿಗೆಂದೇ ಮಾಡಿದ ಕಾಯಿದೆಯೂ ಬರೆದುಕೊಟ್ಟಿಲ್ಲ. ಈ ಮಾತು ಕೇಳಿ ಕೆಲವರು ಹುಬ್ಬು ಗಂಟಿಕ್ಕಬಹುದು. "ಬಿಎಸ್ಸಿ ಓದಿ ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತ ಕಟ್ಟುವ ಗುಮಾಸ್ತನಿಗೆ ಕಾನೂನಿನ ಉಸಾಬರಿ ಏಕೆ?" ಎನ್ನಲೂಬಹುದು. ಕಡತ ಕಟ್ಟುವವನಾದ್ದರಿಂದಲೇ ಹೇಳುತ್ತಿದ್ದೇನೆ. ಯಾವ ಮಾತು ಕಾಗದದ ಮೇಲಿದೆ, ಯಾವ ಮಾತು ಇಲ್ಲ ಎಂದು ನೋಡುವುದೇ ನನ್ನ ಇಪ್ಪತ್ತು ವರ್ಷದ ಕಸುಬು. ಸರಕಾರಿ ನೌಕರನಾದ ನಾನು ಸರಕಾರವನ್ನು ಟೀಕಿಸುವಂತಿಲ್ಲ, ನಿಜ. ಆದರೆ ಕಾಯಿದೆಯನ್ನು ಓದಿ ಅದರಲ್ಲಿ ಏನಿದೆ ಎಂದು ನಾಲ್ಕು ಜನಕ್ಕೆ ಹೇಳುವುದಕ್ಕೆ ಯಾವ ನಡತೆ ನಿಯಮವೂ ಅಡ್ಡಬಾರದು.

ಮೊದಲು ಸೆರೆಮನೆಯ ಮಾತು. 1981ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಫ್ರಾನ್ಸಿಸ್ ಕೊರಾಲಿ ಮುಲಿನ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಕಳ್ಳಸಾಗಣೆ ತಡೆಯುವ ಕಾಯಿದೆಯ ಕೆಳಗೆ ದೆಹಲಿಯ ತಿಹಾರ್ ಜೈಲಿನಲ್ಲಿ ಇಡಲ್ಪಟ್ಟಿದ್ದ ಆ ಹೆಂಗಸಿಗೆ ತನ್ನ ಐದು ವರ್ಷದ ಮಗಳನ್ನು ತಿಂಗಳಿಗೊಮ್ಮೆ ಮಾತ್ರ ನೋಡಲು ಬಿಡುತ್ತಿದ್ದರು. ಸಂವಿಧಾನದ 21ನೇ ವಿಧಿ ಕೊಟ್ಟಿರುವ ಜೀವಿಸುವ ಹಕ್ಕೆಂದರೆ ಬರೀ ಉಸಿರಾಡಿಕೊಂಡಿರುವುದಲ್ಲ, ಮಾನವಾಗಿ ಬಾಳುವುದು; ತನ್ನವರನ್ನು, ಸ್ನೇಹಿತರನ್ನು ಕಂಡು ಮಾತಾಡುವುದೂ ಅದರೊಳಗೆ ಸೇರಿದೆ ಎಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಆ ತೀರ್ಪಿನಲ್ಲಿ ಸಾರಿದರು. ತಿಂಗಳಿಗೊಂದು ಭೇಟಿ ಎಂಬ ಕಟ್ಟಳೆ ನ್ಯಾಯವಲ್ಲ, ವಾರಕ್ಕೆ ಎರಡು ಭೇಟಿಯನ್ನಾದರೂ ಕೊಡಬೇಕು ಎಂದು ನ್ಯಾಯಾಲಯ ಹೇಳಿತು. ಸರಕಾರ ಬಲವಂತವಾಗಿ ಕೂಡಿಹಾಕಿದವರ ಪಾಲಿಗೇ ಇದು ಸತ್ಯವಾದರೆ, ಯಾವ ಅಪರಾಧವನ್ನೂ ಮಾಡದೆ, ತಿಂಗಳು ತಿಂಗಳೂ ಹಣ ಕಟ್ಟಿ ಇರುವ ಮುದುಕಿಯ ಪಾಲಿಗೆ ಎಷ್ಟು ಸತ್ಯವಾಗಬೇಕು?

ಎರಡನೆಯದು ಮನೋರೋಗಿಗಳ ವಿಷಯ. 2017ರ ಮಾನಸಿಕ ಆರೋಗ್ಯ ಕಾಯಿದೆಯ 26ನೇ ಕಲಮನ್ನು ತೆಗೆದು ನೋಡಿ. ಚಿಕಿತ್ಸಾಲಯದಲ್ಲಿರುವ ರೋಗಿಗೆ ಸಂದರ್ಶಕರನ್ನು ಕಾಣುವ ಹಕ್ಕಿದೆ, ಬೇಡವೆನಿಸಿದವರನ್ನು ಕಾಣದಿರುವ ಹಕ್ಕಿದೆ, ತಕ್ಕ ವೇಳೆಯಲ್ಲಿ ಫೋನು ಮಾಡುವ ಹಕ್ಕೂ ಇದೆ. ಬಹಳ ಒಳ್ಳೆಯ ಕಲಮು. ಅದನ್ನು ಬರೆದ ಕೈಗೆ ನಮಸ್ಕಾರ.

ಈಗ 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಗೆ ಬನ್ನಿ. ಮಕ್ಕಳು ಹೆತ್ತವರಿಗೆ ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ ಜೀವನಾಂಶ ಕೊಡಬೇಕೆಂದು ನ್ಯಾಯಮಂಡಳಿ ಆಜ್ಞೆ ಮಾಡಬಹುದು ಎಂದು ಅದರಲ್ಲಿದೆ. ನೋಡಿಕೊಳ್ಳಬೇಕಾದವರನ್ನು ಬೀದಿಪಾಲು ಮಾಡಿದವರಿಗೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದಿದೆ. ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮವನ್ನು, 150 ಮಂದಿ ನಿರ್ಗತಿಕ ವೃದ್ಧರಿಗೆ ಸಾಲುವಂತೆ, ರಾಜ್ಯ ಸರಕಾರಗಳು ತೆರೆಯಬಹುದು ಎಂದಿದೆ. ಅವುಗಳನ್ನು ನಡೆಸುವ ಕ್ರಮವನ್ನು ರಾಜ್ಯ ಸರಕಾರವೇ ಗೊತ್ತುಮಾಡಬಹುದು, ವೈದ್ಯಕೀಯ ಆರೈಕೆಗೂ ನಿವಾಸಿಗಳ ಮನರಂಜನೆಗೂ ಬೇಕಾದ ಸೇವೆಗಳನ್ನು ಅದರಲ್ಲಿ ಸೇರಿಸಬಹುದು ಎಂದು 19ನೇ ಕಲಮಿನಲ್ಲಿ ಬರೆದಿದೆ. ಓದುಗರು ಗಮನಿಸಬೇಕು: ಮನರಂಜನೆ ನೆನಪಾಗಿದೆ, ಮಗಳು ನೆನಪಾಗಿಲ್ಲ. ಟಿ.ವಿ. ಇಡಬೇಕೆಂಬುದು ಹೊಳೆದಿದೆ, ಬಾಗಿಲು ತೆರೆದಿರಬೇಕೆಂಬುದು ಹೊಳೆದಿಲ್ಲ. ಈ ಕಾಯಿದೆಯನ್ನು ತಿದ್ದಲು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಒಂದು ಮಸೂದೆ ಬಂದಿತು. ಖಾಸಗಿ ಆಶ್ರಮಗಳೂ ನೋಂದಣಿ ಮಾಡಿಸಬೇಕು, ಕನಿಷ್ಠ ಮಟ್ಟವೊಂದನ್ನು ಪಾಲಿಸಬೇಕು ಎಂಬುದು ಅದರ ಉದ್ದೇಶಗಳಲ್ಲಿ ಸೇರಿತ್ತು. 2024ರಲ್ಲಿ ಆ ಲೋಕಸಭೆಯೇ ಮುಗಿದಾಗ ಮಸೂದೆಯೂ ಅದರೊಡನೆ ಬಿದ್ದುಹೋಯಿತು.

ಹೀಗೆ ಕಾಗದದ ಮೇಲೆ ಖಾಲಿ ಬಿಟ್ಟ ಜಾಗವನ್ನು ತುಂಬುವವರು ಯಾರು? ಗೇಟಿನ ಕಾವಲುಗಾರ, ಆಫೀಸಿನ ಮ್ಯಾನೇಜರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲುಂಟು. ಇಲ್ಲಿಯಾದರೋ ದೇವರೇ ವರ ಕೊಟ್ಟಿಲ್ಲ. ಪೂಜಾರಿಯನ್ನು ಕೇಳುವವರೇ ಇಲ್ಲ.

ಒಂದು ಅನುಭವ ಹೇಳುತ್ತೇನೆ. ನನ್ನ ದೊಡ್ಡವ್ವ ಉತ್ತರ ಕರ್ನಾಟಕದ ಒಂದು ಊರಿನ ಆಶ್ರಮದಲ್ಲಿ ಮೂರು ವರ್ಷ ಇದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಖರ್ಚನ್ನು ನಾವು ಅಕ್ಕತಂಗಿಯರ ಮಕ್ಕಳು ಹಂಚಿಕೊಂಡಿದ್ದೆವು. ಒಮ್ಮೆ ಎರಡು ದಿನ ಕ್ಯಾಶುವಲ್ ರಜೆಯನ್ನು ಶನಿವಾರ, ಭಾನುವಾರಕ್ಕೆ ಗಂಟು ಹಾಕಿ ಮುಂಬಯಿಯಿಂದ ರಾತ್ರಿ ಪ್ರಯಾಣ ಮಾಡಿ ಹೋದೆ. "ಭೇಟಿ ಒಂದನೇ ಮತ್ತು ಮೂರನೇ ರವಿವಾರ ಅಷ್ಟೇರಿ. ಇವತ್ತ ಎರಡನೇದು" ಎಂದರು ಮ್ಯಾನೇಜರು. ದೂರದಿಂದ ಬಂದಿದ್ದೇನೆ ಎಂದೆ. "ಅಲ್ಲದ ನೀವ ಮಗ ಅಲ್ಲಲ್ರೀ" ಎಂದರು. ಈ ನಿಯಮ ಎಲ್ಲಿ ಬರೆದಿದೆ ತೋರಿಸಿ ಎಂದು ಕೇಳಿದೆ. ಬರೆದದ್ದು ಎಲ್ಲಿಯೂ ಇರಲಿಲ್ಲ. ಕೊನೆಗೆ 'ವಿಶೇಷ ಪ್ರಕರಣ'ವೆಂದು ಹದಿನೈದು ನಿಮಿಷ ವರಾಂಡದಲ್ಲಿ ಕೂರಿಸಿದರು. ತಾವೂ ಪಕ್ಕದಲ್ಲಿಯೇ ನಿಂತರು. ದೊಡ್ಡವ್ವ ಮ್ಯಾನೇಜರ ಮುಖ ನೋಡಿಕೊಂಡು, "ಎಲ್ಲಾ ಛಲೋ ಐತೋ ತಮ್ಮಾ, ಏನೂ ಕಡಿಮಿ ಇಲ್ಲ" ಎಂದಳು. ಅವಳ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನಮ್ಮ ಕಚೇರಿಯಲ್ಲಿ ಒಬ್ಬ ಜವಾನನ ಅರ್ಜಿಯನ್ನು ತಿರಸ್ಕರಿಸಬೇಕಾದರೂ ಯಾವ ನಿಯಮದಡಿ ತಿರಸ್ಕರಿಸುತ್ತೇವೆ ಎಂದು ಟಿಪ್ಪಣಿ ಬರೆದು ಮೇಲಧಿಕಾರಿಯ ರುಜು ಪಡೆಯಬೇಕು. ಒಬ್ಬ ಮುದುಕಿಯನ್ನು ಅವಳ ಕರುಳಿನವರಿಂದ ತಡೆಯಲು ಅಷ್ಟೂ ಬೇಡವಾಯಿತು!

ಆಶ್ರಮಗಳೆಲ್ಲ ಹೀಗೆಂದು ನಾನು ಹೇಳುವುದಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಗಿಲು ತೆರೆದಿಟ್ಟು, ಬಂದವರಿಗೆ ಒಂದು ಲೋಟ ಚಹಾ ಕೊಟ್ಟು, "ಊಟಕ್ಕೂ ಇರಿ" ಎನ್ನುವ ಪುಣ್ಯಾತ್ಮರೂ ಇದ್ದಾರೆ. ಆದರೆ ಅದು ಅವರ ಒಳ್ಳೆಯತನ. ಒಳ್ಳೆಯತನದ ಮೇಲೆ ನಿಂತ ವ್ಯವಸ್ಥೆ ಮ್ಯಾನೇಜರು ಬದಲಾದ ದಿನ ಬದಲಾಗುತ್ತದೆ.

ಭೇಟಿ ಎಂದರೆ ಸೇಬು, ಬಾಳೆಹಣ್ಣು ಹಿಡಿದು ಹೋಗಿ ಕುಶಲ ಕೇಳಿ ಬರುವ ಶಿಷ್ಟಾಚಾರ ಎಂದು ತಿಳಿದವರುಂಟು. ವಿಜ್ಞಾನ ಓದಿದ ನನಗೆ ಅದು ಬೇರೆ ರೀತಿಯಲ್ಲಿ ಕಾಣುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೂ ಅವರು ನೀರು ಕೇಳುವುದಿಲ್ಲ. ನೀರು ಕಡಿಮೆಯಾದರೆ ಮನಸ್ಸು ಕಲಕುತ್ತದೆ, ಮಾತು ತಪ್ಪುತ್ತದೆ; ನೋಡುವವರು "ಅರುಳುಮರುಳು" ಎಂದು ಸುಮ್ಮನಾಗುತ್ತಾರೆ. ಹಾಸಿಗೆ ಹಿಡಿದವರನ್ನು ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಬಿಟ್ಟರೆ ಎಲುಬು ಒತ್ತುವ ಜಾಗಕ್ಕೆ ರಕ್ತ ಹರಿಯದೆ ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ. ಆದ್ದರಿಂದಲೇ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕೆಂದು ದಾದಿಯರಿಗೆ ಕಲಿಸುವುದು. ಇಪ್ಪತ್ತು ಹಾಸಿಗೆಗೆ ಇಬ್ಬರು ಆಯಾಗಳಿರುವಲ್ಲಿ ಇದನ್ನೆಲ್ಲ ಮೊದಲು ಕಾಣುವವರು ಯಾರು? ಬಂದು ಪಕ್ಕದಲ್ಲಿ ಕೂತು, ಕೈ ಹಿಡಿದು, ಸೆರಗು ಸರಿಪಡಿಸುವ ಮಗಳು. ಅವಳು ಸಂಬಳವಿಲ್ಲದ ಇನ್ಸ್‌ಪೆಕ್ಟರು. ಬಾಗಿಲು ಮುಚ್ಚಿದರೆ ಮೊದಲು ಹೊರಗುಳಿಯುವುದು ಆ ಕಣ್ಣು. "ವಿಡಿಯೋ ಕಾಲ್ ಮಾಡಿ ನೋಡಬಹುದಲ್ಲ" ಎಂಬ ಸಮಾಧಾನ ಈಗ ಎಲ್ಲೆಡೆಯೂ ಕೇಳುತ್ತದೆ. ಫೋನಿನ ಪರದೆಗೆ ಒದ್ದೆ ಹಾಸಿಗೆಯ ವಾಸನೆ ಬರುವುದಿಲ್ಲ. ಬೆನ್ನ ಹಿಂದಿನ ಹುಣ್ಣನ್ನು ಅದು ತೋರಿಸುವುದಿಲ್ಲ.

ನಮ್ಮಂಥ ಹೊರನಾಡ ಕನ್ನಡಿಗರಿಗೆ ಈ ವಿಷಯದಲ್ಲಿ ಎರಡು ಬಗೆಯ ಸಂಕಟ. ಹೆತ್ತವರು ಊರಿನ ಕಡೆ ಆಶ್ರಮದಲ್ಲಿದ್ದರೆ ನಾವು ದೂರ. ಕೇಂದ್ರ ಸರಕಾರದ ನೌಕರನಿಗೆ ವರ್ಷಕ್ಕೆ ಎಂಟು ದಿನ ಕ್ಯಾಶುವಲ್ ರಜೆ. ಸ್ವಂತ ಊರಿಗೆ ಹೋಗಲು ಪ್ರಯಾಣ ರಿಯಾಯಿತಿ ಎರಡು ವರ್ಷಕ್ಕೊಮ್ಮೆ. ಗಳಿಕೆ ರಜೆ ಇದೆ, ಆದರೆ ಅದು ಮಂಜೂರಾಗುವ ದಿನಕ್ಕೂ ಆಶ್ರಮದ ಭೇಟಿಯ ದಿನಕ್ಕೂ ತಾಳೆಯಾಗಬೇಕಲ್ಲ! ಗೇಟಿನ ಫಲಕದ ಮೇಲಿನ 'ನಾಲ್ಕರಿಂದ ಐದು' ಪಕ್ಕದ ಓಣಿಯ ಮಗನಿಗೆ ಒಂದು ಸಣ್ಣ ಅನಾನುಕೂಲ. ಪುಣೆಯಿಂದಲೋ ದೆಹಲಿಯಿಂದಲೋ ಹೋಗುವವನಿಗೆ ಅದು ವರ್ಷದ ಒಂದೇ ಒಂದು ಭೇಟಿಯನ್ನು ನುಂಗುವ ಬಾಯಿ.

ಇನ್ನೊಂದು ಸಂಕಟ, ಹೆತ್ತವರು ನಾವಿರುವ ನಗರದಲ್ಲಿಯೇ ಆಶ್ರಮ ಸೇರಿದಾಗ. ಅಲ್ಲಿ ಆಯಾಗಳು ಮರಾಠಿ, ಹಿಂದಿ, ತಮಿಳು, ತೆಲುಗು ಆಡುತ್ತಾರೆ. ಅದು ಅವರ ತಪ್ಪಲ್ಲ. ಆದರೆ ಮರೆವಿನ ರೋಗ ಹಿಡಿದ ಅನೇಕ ವೃದ್ಧರಲ್ಲಿ ನಡುಪ್ರಾಯದಲ್ಲಿ ಕಲಿತ ಭಾಷೆ ಮೊದಲು ಕಳಚಿಹೋಗಿ, ತೊಟ್ಟಿಲ ಭಾಷೆ ಮಾತ್ರ ಉಳಿಯುತ್ತದೆ ಎಂಬುದು ವೈದ್ಯರು ಕಂಡ ವಿಷಯ. ನಲವತ್ತು ವರ್ಷ ದಾದರಿನ ಮಾರುಕಟ್ಟೆಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡಿದ ಅಜ್ಜಿ ಒಂದು ದಿನ 'ಪಾಣಿ' ಎಂಬ ಶಬ್ದವನ್ನೂ ಮರೆತು 'ನೀರು, ನೀರು' ಎನ್ನುತ್ತಾಳೆ. ಅವಳಿಗೆ ಸಂದರ್ಶಕ ಎಂದರೆ ಬರೀ ಮನುಷ್ಯನಲ್ಲ. ಉಳಿದಿರುವ ಒಂದೇ ಭಾಷೆ. ಆತನನ್ನು ಗೇಟಿನಲ್ಲಿ ನಿಲ್ಲಿಸಿದರೆ ಆಕೆ ಆ ದಿನವೆಲ್ಲ ಮೂಕಿ. ಕನ್ನಡ ಉಳಿಸಬೇಕೆಂದು ನವೆಂಬರಿನಲ್ಲಿ ವೇದಿಕೆ ಹತ್ತಿ ಗಂಟಲು ಹರಿದುಕೊಳ್ಳುವ ನಾವು, ಕನ್ನಡವೊಂದೇ ಉಳಿದಿರುವ ಈ ಜೀವಗಳ ಬಾಗಿಲಿಗೆ ಎಷ್ಟು ಸಲ ಹೋಗಿದ್ದೇವೆ?

ಎದುರುವಾದಗಳು ಉಂಟು, ಅವನ್ನೂ ನೋಡೋಣ.

"ಸಂದರ್ಶಕರು ರೋಗ ತರುತ್ತಾರೆ" ಎಂಬುದು ಎಲ್ಲಕ್ಕಿಂತ ಬಲವಾದ ವಾದ. 2020ರ ಮಾರ್ಚಿಯಲ್ಲಿ ಕೊರೊನಾ ಬಂದಾಗ ಬಾಗಿಲು ಹಾಕಿದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಲಸಿಕೆ ಇರಲಿಲ್ಲ, ರೋಗದ ಗುಣ ತಿಳಿದಿರಲಿಲ್ಲ. ಆದರೆ ಬಾಗಿಲು ಹಾಕಿದ ದೇಶಗಳ ಅನುಭವ ಏನು? ಅಮೆರಿಕದಲ್ಲಿ 2020ರ ಮಾರ್ಚ್ 13ರಂದು ನರ್ಸಿಂಗ್ ಹೋಮುಗಳಿಗೆ ಸಂದರ್ಶಕರನ್ನು ನಿಲ್ಲಿಸಲು ಸೂಚನೆ ಹೋಯಿತು. ನಿರ್ಬಂಧಗಳು ಪೂರ್ತಿ ಸಡಿಲವಾದದ್ದು 2021ರ ನವೆಂಬರಿನಲ್ಲಿ. ಹಾಗಿದ್ದೂ 2022ರ ಆರಂಭದ ಹೊತ್ತಿಗೆ ಅಲ್ಲಿಯ ಆರೈಕೆ ಗೃಹಗಳಲ್ಲಿ ನಿವಾಸಿಗಳೂ ಸಿಬ್ಬಂದಿಯೂ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು. ಮಗಳು ಹೊರಗೆ ನಿಂತಳು, ರೋಗ ನಿಲ್ಲಲಿಲ್ಲ. ಪಾಳಿ ಬದಲಾಯಿಸುವ ಕೆಲಸಗಾರರು ದಿನವೂ ಒಳಗೆ ಹೊರಗೆ ಓಡಾಡಲೇಬೇಕಿತ್ತು. ನೆದರ್‌ಲೆಂಡ್ಸಿನಲ್ಲಿ 2020ರ ಮೇ ತಿಂಗಳಲ್ಲಿ 26 ಆರೈಕೆ ಗೃಹಗಳಲ್ಲಿ ಒಂದು ಪ್ರಯೋಗ ಮಾಡಿದರು. ಒಬ್ಬೊಬ್ಬ ನಿವಾಸಿಗೆ ಒಬ್ಬ ಗೊತ್ತಾದ ಸಂದರ್ಶಕ, ಕಟ್ಟುನಿಟ್ಟಿನ ಎಚ್ಚರಿಕೆಯೊಡನೆ. ಮೊದಲ ಮೂರು ವಾರಗಳಲ್ಲಿ ಆ ಗೃಹಗಳಲ್ಲಿ ಹೊಸ ಸೋಂಕು ಕಾಣಲಿಲ್ಲ. ಆಯಾ ಮುಖಕ್ಕೆ ಬಟ್ಟೆ ಕಟ್ಟಿ, ಕೈ ತೊಳೆದು ಒಳಗೆ ಹೋಗಬಹುದಾದರೆ, ಮಗಳೂ ಹಾಗೆಯೇ ಹೋಗಬಹುದು.

ಈ ಪಾಠವನ್ನು ಕೆಲವು ಕಡೆ ಕಾಯಿದೆಯಾಗಿಯೇ ಬರೆದುಕೊಂಡರು. ಟೆಕ್ಸಾಸ್ ರಾಜ್ಯದ ಜನ 2021ರ ನವೆಂಬರಿನಲ್ಲಿ ಮತ ಹಾಕಿ ತಮ್ಮ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದರು: ಆರೈಕೆ ಗೃಹದ ನಿವಾಸಿ ಒಬ್ಬ ಅಗತ್ಯ ಆರೈಕೆದಾರನನ್ನು ಹೆಸರಿಸಬಹುದು, ಅವನ ಮುಖತಃ ಭೇಟಿಯನ್ನು ತಡೆಯುವಂತಿಲ್ಲ. ಇಂಗ್ಲೆಂಡಿನಲ್ಲಿ 2024ರ ಏಪ್ರಿಲ್ 6ರಿಂದ ಭೇಟಿಗೆ ಅವಕಾಶ ಕೊಡುವುದು ಆರೈಕೆ ಗೃಹಗಳ ಕಾನೂನುಬದ್ಧ ಕರ್ತವ್ಯವಾಗಿದೆ. ಹೆತ್ತವರನ್ನು ದೇವರೆನ್ನುವ ನಾಡು ನಮ್ಮದು. ಆ ದೇವರ ದರ್ಶನಕ್ಕೆ ವೇಳೆ ಗೊತ್ತುಮಾಡುವ ಅಧಿಕಾರವನ್ನು ಮಾತ್ರ ಗೇಟಿಗೆ ಬಿಟ್ಟಿದ್ದೇವೆ.

"ಶಿಸ್ತು ಕೆಡುತ್ತದೆ, ಬೇರೆಯವರ ನಿದ್ದೆಗೆ ಭಂಗ, ಕಳವು ಆಗುತ್ತದೆ" ಎಂಬುದು ಎರಡನೆಯ ವಾದ. ರಾತ್ರಿ ಹತ್ತಕ್ಕೆ ಹೋಗಿ ಬಾಗಿಲು ಬಡಿಯುವ ಹಕ್ಕನ್ನು ಯಾರೂ ಕೇಳುತ್ತಿಲ್ಲ. ಹೆಸರು ಬರೆಸಿ, ರುಜು ಮಾಡಿಸಿ, ಗುರುತಿನ ಚೀಟಿ ನೋಡಿ. ಹೆಂಗಸರ ಕೋಣೆಗೆ ಬೇರೆ ಏರ್ಪಾಡು ಬೇಕಾದರೆ ಮಾಡಿ. ಗಲಾಟೆ ಮಾಡಿದವನನ್ನು ಹೊರಗೆ ಹಾಕಿ. ಒಬ್ಬನ ಗಲಾಟೆಗೆ ನೂರು ಜನರ ಮಕ್ಕಳನ್ನು ತಡೆಯುವುದು ನೆಗಡಿಗೆ ಮೂಗು ಕೊಯ್ದಂತೆ.

"ಆಸ್ತಿಗಾಗಿ ಕಾಡುವ ನೆಂಟರೂ ಬರುತ್ತಾರಲ್ಲ?" ಎನ್ನುತ್ತಾರೆ. ಬರುತ್ತಾರೆ, ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಇಂಕಿನ ಪ್ಯಾಡು ಸಮೇತ ಬರುತ್ತಾರೆ. ಅದಕ್ಕಾಗಿಯೇ ನನ್ನ ವಾದದ ತಿರುಳು ಇದು: ಈ ಹಕ್ಕು ಬರುವ ಮಗನದಲ್ಲ, ಒಳಗಿರುವ ತಾಯಿಯದು. ಯಾರು ಬರಬೇಕು, ಯಾರು ಬರಬಾರದು ಎಂದು ಹೇಳುವವಳು ಅವಳು. ನೆರೆಮನೆಯ ಗೆಳತಿಯನ್ನು ಕರೆದರೆ ಅವಳು ಬರಲಿ, ಹೊಟ್ಟೆಯ ಮಗನನ್ನೇ ಬೇಡವೆಂದರೆ ಅವನು ಹೊರಗೆ ನಿಲ್ಲಲಿ. ರಕ್ತಸಂಬಂಧದ ಪುರಾವೆ ಕೇಳಲು ಆಶ್ರಮ ಉಪನೋಂದಣಿ ಕಚೇರಿಯಲ್ಲ.

ಕೊನೆಯದು ಎಲ್ಲರ ಬಾಯಿಯಲ್ಲಿರುವ ಚುಚ್ಚುಮಾತು: "ಮನೆಯಲ್ಲಿ ಇಟ್ಟುಕೊಳ್ಳದೆ ಆಶ್ರಮಕ್ಕೆ ಸೇರಿಸಿದವರಿಗೆ ಹಕ್ಕಿನ ಮಾತೇಕೆ? ವರ್ಷಗಟ್ಟಲೆ ತಿರುಗಿ ನೋಡದ ಮಕ್ಕಳಿಲ್ಲವೇ?" ಇದ್ದಾರೆ. ಚೀನಾದಲ್ಲಿ 2013ರ ಜುಲೈಯಿಂದ ಜಾರಿಗೆ ಬಂದ ಕಾಯಿದೆ, ದೂರವಿರುವ ಮಕ್ಕಳು ಆಗಾಗ ಹೆತ್ತವರನ್ನು ಹೋಗಿ ನೋಡಬೇಕೆಂದೇ ವಿಧಿಸುತ್ತದೆ. ಅಂಥ ಕಾಯಿದೆ ನಮಗೂ ಬೇಕೇ ಎಂಬುದು ಬೇರೆ ಚರ್ಚೆ. ನನ್ನ ಪ್ರಶ್ನೆ ಇಷ್ಟೇ: ಬಾರದ ಮಗನ ಪಾಪಕ್ಕೆ ಬಂದ ಮಗಳಿಗೆ ಶಿಕ್ಷೆ ಏಕೆ? ಎರಡು ಕೋಣೆಯ ಚಾಳಿನಲ್ಲಿ, ಗಂಡ ಹೆಂಡತಿ ಇಬ್ಬರೂ ದುಡಿಯಲು ಹೊರಟಾಗ, ಮಲಮೂತ್ರದ ಅರಿವಿಲ್ಲದ ಅಪ್ಪನನ್ನು ನೋಡಿಕೊಳ್ಳುವುದು ಏನೆಂದು ಅನುಭವಿಸಿದವರೇ ಬಲ್ಲರು. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ದೇಶದಲ್ಲಿ ಹತ್ತು ಕೋಟಿಗೂ ಮೇಲಿದ್ದರು. ಆ ಸಂಖ್ಯೆ ಏರುತ್ತಲೇ ಇದೆ. ಇಂದು ಚುಚ್ಚುವವರೂ ನಾಳೆ ಆ ಗೇಟಿನ ಒಳಗೋ ಹೊರಗೋ ನಿಲ್ಲಬೇಕಾದವರೇ. ಅಲ್ಲದೆ, ಮುಚ್ಚಿದ ಬಾಗಿಲಿನಿಂದ ಲಾಭವಾಗುವುದು ಬಾರದ ಮಗನಿಗೆ: "ಹೋದರೂ ಬಿಡುವುದಿಲ್ಲ" ಎಂಬ ನೆಪ ಅವನಿಗೆ ಪುಕ್ಕಟೆ ಸಿಗುತ್ತದೆ.

ಹಾಗಾದರೆ ಬೇಕಾದದ್ದೇನು? ಪಾರ್ಲಿಮೆಂಟಿನ ಹೊಸ ಕಾಯಿದೆಗಾಗಿ ಕಾದು ಕೂರಬೇಕಾಗಿಲ್ಲ. ಆಶ್ರಮಗಳ ಕ್ರಮವನ್ನು ಗೊತ್ತುಮಾಡುವ ಅಧಿಕಾರವನ್ನು 19ನೇ ಕಲಮು ರಾಜ್ಯ ಸರಕಾರಗಳಿಗೆ ಆಗಲೇ ಕೊಟ್ಟಿದೆ. ಈ ಐದು ಸಾಲು ಅಲ್ಲಿ ಸೇರಿದರೆ ಸಾಕು:

1. ಸಂದರ್ಶಕರನ್ನು ಕಾಣುವುದೂ ಕಾಣದಿರುವುದೂ ನಿವಾಸಿಯ ಹಕ್ಕು. ಬಂಧುಗಳೇ ಆಗಬೇಕೆಂಬ ನಿರ್ಬಂಧ ಕೂಡದು.

2. ಪ್ರತಿದಿನವೂ, ರಜಾದಿನಗಳಲ್ಲೂ ಭೇಟಿಯ ವೇಳೆ ಇರಬೇಕು. ಪರ ಊರಿನಿಂದ ಬಂದವರಿಗೆ ಹಗಲಿನ ಯಾವ ಹೊತ್ತಿನಲ್ಲೂ ಅವಕಾಶವಿರಬೇಕು.

3. ನಿವಾಸಿ ಹೆಸರಿಸಿದ ಒಬ್ಬ ಆಪ್ತರನ್ನು ಸಾಂಕ್ರಾಮಿಕದ ಕಾಲದಲ್ಲೂ, ಸಿಬ್ಬಂದಿಗಿರುವ ಎಚ್ಚರಿಕೆಗಳೊಡನೆ, ಒಳಗೆ ಬಿಡಬೇಕು. ಕೊನೆಗಾಲದಲ್ಲಿ ವೇಳೆಯ ಕಟ್ಟೇ ಇರಬಾರದು.

4. ಭೇಟಿಯೂ ಫೋನೂ ಖಾಸಗಿಯಾಗಿರಬೇಕು. ಮ್ಯಾನೇಜರು ಪಕ್ಕದಲ್ಲಿ ನಿಲ್ಲುವಂತಿಲ್ಲ.

5. ಭೇಟಿ ನಿರಾಕರಿಸಿದರೆ ಕಾರಣವನ್ನೂ ಅವಧಿಯನ್ನೂ ಬರೆದು ಕೊಡಬೇಕು. ಅದರ ಮೇಲೆ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು.

ಸರಕಾರ ಮಾಡುವವರೆಗೆ ನಾವು ಮಾಡಬಹುದಾದದ್ದೂ ಇದೆ. ಠೇವಣಿ ಕಟ್ಟುವ ಮೊದಲೇ ಭೇಟಿಯ ನಿಯಮವನ್ನು ಲಿಖಿತವಾಗಿ ಕೇಳಿ ಪಡೆಯಿರಿ; ಒಪ್ಪಂದದ ಕಾಗದದಲ್ಲಿ ಈ ಐದು ಸಾಲನ್ನು ಸೇರಿಸಲು ಹೇಳಿ. ಹಣ ಎಣಿಸುವ ಮುನ್ನ ನಮಗಿರುವ ಧ್ವನಿ, ಎಣಿಸಿದ ಮೇಲೆ ಇರುವುದಿಲ್ಲ. ಬರೆದುಕೊಡಲು ಒಪ್ಪದ ಆಶ್ರಮ ಎಂಥದೆಂದು ಅಲ್ಲಿಯೇ ತಿಳಿಯುತ್ತದೆ. ಒಳಗಿರುವವರಿಗೆ ತೊಂದರೆಯೆಂದು ಅನುಮಾನ ಬಂದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಫೋನು ಮಾಡಿ.

ನಮ್ಮ ಸಂಘಕ್ಕೂ ಕೆಲಸವಿದೆ. ಗಣೇಶೋತ್ಸವಕ್ಕೆ ಸಮಿತಿಯಿದೆ, ನಾಟಕಕ್ಕೆ ಸಮಿತಿಯಿದೆ, ಪ್ರವಾಸಕ್ಕೂ ಸಮಿತಿಯಿದೆ. ಈ ನಗರದ ಆಶ್ರಮಗಳಲ್ಲಿರುವ ಕನ್ನಡದ ಹಿರಿಯರ ಪಟ್ಟಿ ಮಾಡಿ, ಅವರು ಒಪ್ಪಿದರೆ, ವಾರಕ್ಕೊಮ್ಮೆ ಇಬ್ಬಿಬ್ಬರು ಸರದಿಯಂತೆ ಹೋಗಿ ಅರ್ಧ ಗಂಟೆ ಕನ್ನಡ ಮಾತಾಡಿ ಬರುವ ಒಂದು ಸಮಿತಿ ಏಕೆ ಬೇಡ? ಅದಕ್ಕೆ ಚಂದಾ ಬೇಡ, ಶಾಮಿಯಾನ ಬೇಡ, ಮುಖ್ಯ ಅತಿಥಿಯೂ ಬೇಡ.

ಆದ್ದರಿಂದ ಬರುವ ವಾರ್ಷಿಕ ಮಹಾಸಭೆಯ ಮುಂದೆ ಎರಡು ಗೊತ್ತುವಳಿಗಳನ್ನು ಇಡಲಿದ್ದೇನೆ. ಮೊದಲನೆಯದು, ಮೇಲಿನ ಐದು ಸಾಲುಗಳನ್ನು ನಿಯಮವಾಗಿ ಸೇರಿಸಬೇಕೆಂದು ನಾವಿರುವ ರಾಜ್ಯದ ಸರಕಾರಕ್ಕೂ, ಕರ್ನಾಟಕದ ಹಿರಿಯ ನಾಗರಿಕರ ಇಲಾಖೆಗೂ ಸಂಘದ ಹೆಸರಿನಲ್ಲಿ ಮನವಿ ಕಳುಹಿಸುವುದು. ಎರಡನೆಯದು, ಭೇಟಿ ಸಮಿತಿಯೊಂದನ್ನು ಅದೇ ದಿನ ನೇಮಿಸುವುದು. ಸೂಚಿಸುವವನು ನಾನು. ಅನುಮೋದಿಸುವವರು ಕೈ ಎತ್ತಲಿ. ವಿರೋಧಿಸುವವರು ಎದ್ದು ನಿಂತು ಕಾರಣ ಹೇಳಲಿ.